ನ್ಯಾನ್ಸಿಯಿಂದ ಮಿಯೋಶಿಗೆ

2025ರ ಜನವರಿ 7ರ ಸಂಜೆ ಈಟನ್ ಕಣಿವೆಯಲ್ಲಿ ಹೊತ್ತಿದ ಬೆಂಕಿ ನಮ್ಮ ಪಸಡೀನಾದ ಉತ್ತರಕ್ಕೆ ಅಂಟಿಕೊಂಡಿರುವ ಆಲ್ಟಡೀನಾವನ್ನು ಸುಟ್ಟುಹಾಕಿತು. ಒಂಬತ್ತು ಸಾವಿರಕ್ಕೂ ಹೆಚ್ಚು ಕಟ್ಟಡಗಳು ಹೋದವು. ಆ ಸಲದ ಟ್ಯಾಕ್ಸ್ ಸೀಸನ್ ನಮ್ಮಂಥ ಲೆಕ್ಕಿಗರಿಗೆ ಪಟ್ಟಿಗಳ ಸೀಸನ್ ಆಯಿತು. ಸುಟ್ಟ ಮನೆಯಲ್ಲಿ ಏನೇನಿತ್ತು, ಯಾವಾಗ ಕೊಂಡದ್ದು, ಈಗ ಎಷ್ಟು ಬಾಳುತ್ತಿತ್ತು ಎಂದು ಬರೆದು, ಇನ್ಶೂರೆನ್ಸಿಗೆ ಒಂದು ಪ್ರತಿ, ತೆರಿಗೆಯ 4684ನೇ ಫಾರ್ಮಿಗೆ ಇನ್ನೊಂದು ಪ್ರತಿ ಮಾಡಬೇಕು. ಹಾಸಿಗೆ, ಕುಕ್ಕರು, ಮಗಳ ಮದುವೆಯ ಆಲ್ಬಮ್ಮು ಎಲ್ಲಕ್ಕೂ ಒಂದೊಂದು ಸಾಲು.

ನನ್ನ ಕಕ್ಷಿದಾರರಲ್ಲಿ ಜಪಾನಿ ಮೂಲದ ಒಬ್ಬ ಅಜ್ಜಿ ಇದ್ದಾರೆ. ವಯಸ್ಸು 91. ಅವರ ಪಟ್ಟಿ ಕೈಬರಹದ್ದು, ಅಕ್ಷರ ಮುತ್ತಿನಂತೆ. ನಲವತ್ತೇಳನೆಯ ಸಾಲಿನಲ್ಲಿ ‘ಎಲ್‌ಪಿ ರೆಕಾರ್ಡ್, ಮಿಯೋಶಿ, 1’ ಎಂದಿತ್ತು. ಬೆಲೆಯ ಕಾಲಂ ಖಾಲಿ. ಮಿಯೋಶಿ ಎಂದರೆ ಕಂಪನಿಯ ಹೆಸರೇ ಎಂದು ಕೇಳಿಬಿಟ್ಟೆ. ರಾಜ್‌ಕುಮಾರ್ ಯಾರು ಎಂದು ಕೇಳಿದವನನ್ನು ನಾವು ಹೇಗೆ ನೋಡುತ್ತೇವೋ ಹಾಗೆ ಅವರು ನನ್ನನ್ನು ನೋಡಿದರು.

ಆ ನಾಚಿಕೆಯಿಂದ ಶುರುವಾದದ್ದು ಈ ಹುಡುಕಾಟ.

ಮಿಯೋಶಿ ಉಮೆಕಿ ಹುಟ್ಟಿದ್ದು 1929ರಲ್ಲಿ, ಜಪಾನಿನ ಉತ್ತರ ತುದಿಯ ಹೊಕ್ಕಾಯಿಡೋ ದ್ವೀಪದ ಓಟಾರು ಎಂಬ ಬಂದರು ಊರಿನಲ್ಲಿ. ಒಂಬತ್ತು ಮಕ್ಕಳಲ್ಲಿ ಕಡೆಯವಳು. ಯುದ್ಧದಲ್ಲಿ ಜಪಾನ್ ಸೋತು ಅಮೆರಿಕದ ಸೈನ್ಯ ಬಂದಿಳಿದಾಗ ಅವಳಿಗೆ ಹದಿನಾರು. ಸೈನಿಕರಿಗೆಂದು ನಡೆಯುತ್ತಿದ್ದ ರೇಡಿಯೋದಿಂದ ಅಮೆರಿಕನ್ ಹಾಡುಗಳನ್ನು ಕಲಿತಳು. ಮನೆಯವರಿಗೆ ಆ ಹಾಡುಗಳು ಸೇರದಿದ್ದರಿಂದ ತಲೆಯ ಮೇಲೆ ಬಕೆಟ್ ಕವುಚಿಕೊಂಡು ಅಭ್ಯಾಸ ಮಾಡುತ್ತಿದ್ದಳೆಂಬ ಕಥೆಯಿದೆ. ಹಾಗೆ ಕಲಿತದ್ದನ್ನು ಸೈನಿಕರ ಜಾಜ್ ಬ್ಯಾಂಡಿನ ಜೊತೆ, ನೈಟ್‌ಕ್ಲಬ್ಬುಗಳಲ್ಲಿ ಹಾಡಿದಳು. ಆಗ ಇಟ್ಟುಕೊಂಡ ಹೆಸರು ನ್ಯಾನ್ಸಿ ಉಮೆಕಿ.

1950ರಿಂದ 1954ರವರೆಗೆ ಜಪಾನಿನ ಆರ್‌ಸಿಎ ವಿಕ್ಟರ್‌ಗೆ ನ್ಯಾನ್ಸಿ ಹಾಡಿದಳು. ‘ಸೆಂಟಿಮೆಂಟಲ್ ಜರ್ನಿ’, ‘ಮೈ ಫೂಲಿಷ್ ಹಾರ್ಟ್’, ‘ವಾಯಾ ಕಾನ್ ಡಿಯೋಸ್’ ಎಲ್ಲ ಆಗಿನ ಅಮೆರಿಕದ ಜನಪ್ರಿಯ ಹಾಡುಗಳೇ. ಕೆಲವನ್ನು ಇಂಗ್ಲಿಷಿನಲ್ಲಿ, ಕೆಲವನ್ನು ಜಪಾನಿಯಲ್ಲಿ, ಇನ್ನು ಕೆಲವನ್ನು ಅರ್ಧ ಅದು ಅರ್ಧ ಇದು. ನಾನು ಇವನ್ನು ಕೇಳಿದ್ದು ಕಾರಿನಲ್ಲಿ, ಸ್ಯಾನ್ ಡಿಯೇಗೋದ ಕಕ್ಷಿದಾರರೊಬ್ಬರ ಆಡಿಟ್‌ಗೆಂದು ಹೋಗಿ ಬರುವ ಐದು ಗಂಟೆಯ ದಾರಿಯಲ್ಲಿ. ಮೆತ್ತನೆಯ ದನಿ, ಪಕ್ಕದಲ್ಲಿ ಕುಳಿತವರಿಗೆ ಮಾತ್ರ ಹೇಳುವಂಥದು. ಇಂಗ್ಲಿಷ್ ಸಾಲಿನಿಂದ ಜಪಾನಿ ಸಾಲಿಗೆ ದಾಟುವಾಗ ಹೊಲಿಗೆ ಕಾಣುವುದಿಲ್ಲ. ತೆಲುಗು ಮನೆಮಾತಿನ ಎಸ್. ಜಾನಕಿಯವರ ಕನ್ನಡ ಕೇಳಿ ಬೆಳೆದ ನಮಗೆ, ಪರಭಾಷೆ ಗಂಟಲಿಗೆ ಒಗ್ಗುವುದೆಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ.

1955ರಲ್ಲಿ ಅವಳು ಅಮೆರಿಕಕ್ಕೆ ಬಂದಳು. ಆರ್ಥರ್ ಗಾಡ್‌ಫ್ರೆ ಎಂಬಾತ ಹೊಸ ಪ್ರತಿಭೆಗಳಿಗಾಗಿ ನಡೆಸುತ್ತಿದ್ದ ಟಿವಿ ಕಾರ್ಯಕ್ರಮದಲ್ಲಿ ಹಾಡಿ, ಅವನ ತಂಡದ ಕಾಯಂ ಗಾಯಕಿಯಾದಳು. ಮರ್ಕ್ಯುರಿ ಕಂಪನಿ ಅವಳ ರೆಕಾರ್ಡುಗಳನ್ನು ತಂದಿತು. ಆದರೆ ರೆಕಾರ್ಡಿನ ಮೇಲೆ ನ್ಯಾನ್ಸಿ ಇಲ್ಲ, ಮಿಯೋಶಿ! ಜಪಾನಿನಲ್ಲಿ ಅಮೆರಿಕನ್ ಹೆಸರಿಗೆ ಗಿರಾಕಿ ಇತ್ತು, ಅಮೆರಿಕದಲ್ಲಿ ಜಪಾನಿ ಹೆಸರಿಗೆ. ಹಾಡು ಅವೇ, ಗಂಟಲು ಅದೇ, ಉಡುಪು ಮಾತ್ರ ಕಿಮೋನೋ.

ಇಲ್ಲಿ ನನ್ನ ಕಥೆ ಒಂದಿಷ್ಟು. ತಿಪಟೂರಿನಲ್ಲಿ ಬಿಕಾಂ, ಬೆಂಗಳೂರಿನಲ್ಲಿ ಸಿಎ ಮುಗಿಸಿ ಬಂದ ನರಸಿಂಹಮೂರ್ತಿಯನ್ನು ನನ್ನ ಮೊದಲ ಕೆಲಸದ ಮ್ಯಾನೇಜರು ಎರಡೇ ದಿನದಲ್ಲಿ ‘ನೇಟ್’ ಮಾಡಿದರು. ಕಕ್ಷಿದಾರರಿಗೆ ಸುಲಭ ಎಂದರು. ನಾಲ್ಕು ವರ್ಷದ ಮೇಲೆ ಭಾರತೀಯ ಗಿರಾಕಿಗಳು ಹೆಚ್ಚಾದಾಗ ಅದೇ ಆಫೀಸಿನವರು ನನ್ನ ಪೂರ್ತಿ ಹೆಸರಿನ ವಿಸಿಟಿಂಗ್ ಕಾರ್ಡ್ ಅಚ್ಚು ಹಾಕಿಸಿಕೊಟ್ಟರು. ಎರಡು ಸಲವೂ ನಾನು ಥ್ಯಾಂಕ್ಸ್ ಹೇಳಿದೆ.

ಟಿವಿಯಲ್ಲಿ ಅವಳನ್ನು ನೋಡಿದ ನಿರ್ದೇಶಕ ಜಾಶುವಾ ಲೋಗನ್ ‘ಸಯೊನಾರಾ’ ಚಿತ್ರಕ್ಕೆ ಆರಿಸಿಕೊಂಡರು. ಅಮೆರಿಕದ ಸೈನಿಕರು ಜಪಾನಿ ಹೆಣ್ಣುಗಳನ್ನು ಮದುವೆಯಾಗಲು ಹೊರಟಾಗ ಸೇನೆ ಅಡ್ಡಗಾಲು ಹಾಕುತ್ತಿದ್ದ ಕಾಲದ ಕಥೆ. ಚಿತ್ರ ಬಂದ 1957ರಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ಅಂಥ ಮದುವೆ ಕಾನೂನುಬಾಹಿರವೇ ಆಗಿತ್ತು. ಚಿತ್ರದಲ್ಲಿ ಮಿಯೋಶಿಯ ಕಟ್ಸುಮಿ ಮತ್ತು ಅವಳ ಸೈನಿಕ ಗಂಡ ಬೇರೆಯಾಗಲೊಲ್ಲದೆ ಒಟ್ಟಿಗೆ ಪ್ರಾಣ ಕಳೆದುಕೊಳ್ಳುತ್ತಾರೆ. 1958ರ ಮಾರ್ಚ್ 26ರಂದು, ಹಾಲಿವುಡ್ ಬುಲೆವಾರ್ಡಿನ ಪ್ಯಾಂಟೇಜಸ್ ಥಿಯೇಟರಿನಲ್ಲಿ, ಪೋಷಕ ನಟಿಯ ಆಸ್ಕರ್ ಅವಳಿಗೆ ಬಂತು. ನಟನೆಗೆ ಆಸ್ಕರ್ ಪಡೆದ ಏಷ್ಯಾದ ಮೊದಲ ಮಹಿಳೆ. ಎರಡನೆಯವರು ಬರಲು 63 ವರ್ಷ ಬೇಕಾಯಿತು: ಕೊರಿಯಾದ ಯುನ್ ಯೊ-ಜಾಂಗ್, 2021ರಲ್ಲಿ. (ಆಸ್ಕರ್ ಮತಗಳನ್ನು 1935ರಿಂದ ಎಣಿಸುತ್ತ ಬಂದವರು ಲೆಕ್ಕಪರಿಶೋಧಕರು. ಆ ರಾತ್ರಿ ಅವಳ ಹೆಸರು ಮೊದಲು ಗೊತ್ತಾದದ್ದು ನಮ್ಮ ಜಾತಿಯವರಿಗೇ ಎಂಬುದು ನನ್ನ ಸಣ್ಣ ಹೆಮ್ಮೆ.)

ಅಜ್ಜಿಗೆ ಆ ರಾತ್ರಿ ನೆನಪಿದೆ. ಅದಕ್ಕೆ ಹದಿನಾರು ವರ್ಷ ಹಿಂದಿನದೂ ನೆನಪಿದೆ. ಅವರ ತಂದೆ ಸ್ಯಾನ್ ಡಿಯೇಗೋ ಪಕ್ಕದ ಚುಲಾ ವಿಸ್ಟಾದಲ್ಲಿ ಸೆಲರಿ ಬೆಳೆಯುತ್ತಿದ್ದವರು. 1942ರ ಏಪ್ರಿಲ್‌ನಲ್ಲಿ ಅಲ್ಲಿನ ಜಪಾನಿಯರನ್ನೆಲ್ಲ ಸಾಂಟಾ ಫೆ ಸ್ಟೇಷನ್ನಿನಿಂದ ರೈಲು ಹತ್ತಿಸಿ ಸಾಂಟಾ ಅನೀಟಾ ಕುದುರೆ ರೇಸಿನ ಮೈದಾನಕ್ಕೆ ತಂದರು. ನನ್ನ ಆಫೀಸಿನಿಂದ ಅದು ಹತ್ತು ಮೈಲಿಯೂ ಇಲ್ಲ. ಪಕ್ಕದ ಮಾಲ್‌ಗೆ ಮಕ್ಕಳನ್ನು ಎಷ್ಟೋ ಸಲ ಕರೆದುಕೊಂಡು ಹೋಗಿದ್ದೇನೆ. ಅಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ಜನರನ್ನು ಇರಿಸಿದ್ದರು, ಬಹಳ ಮಂದಿಯನ್ನು ಕುದುರೆ ಲಾಯಗಳಲ್ಲೇ. ಎಂಟು ವರ್ಷದ ಹುಡುಗಿಗೆ ಎಲ್ಲಕ್ಕಿಂತ ನೆನಪಿರುವುದು ಆ ವಾಸನೆ. ಆಮೇಲೆ ಅರಿಜೋನಾದ ಪೋಸ್ಟನ್ ಶಿಬಿರ. ಯುದ್ಧ ಮುಗಿದ ಮೇಲೆ, 1948ರ ಕಾಯಿದೆಯಂತೆ ನಷ್ಟದ ಪಟ್ಟಿ ಕೊಡಿ ಎಂದಿತು ಸರ್ಕಾರ. ದೇಶದಾದ್ಯಂತ ಸುಮಾರು 14.8 ಕೋಟಿ ಡಾಲರ್ ಕೇಳಿದ ಜನರಿಗೆ ಸಿಕ್ಕಿದ್ದು ಸುಮಾರು 3.7 ಕೋಟಿ. ದಾಖಲೆ ಬೇಕು ಎಂದರು. ಹೊಲದಲ್ಲಿ ಬಿಟ್ಟು ಬಂದ ಸೆಲರಿಗೆ ರಸೀದಿ ಎಲ್ಲಿಂದ ತರುವುದು?

“ಇದು ನಮ್ಮ ಮನೆಯ ಎರಡನೇ ಪಟ್ಟಿ, ಮೂರ್ತಿಯವರೇ,” ಎಂದರು ಅಜ್ಜಿ.

ಮಿಯೋಶಿಯ ಎಲ್‌ಪಿ ಕೊಂಡವರು ಆ ತಂದೆ, ಲಿಟಲ್ ಟೋಕಿಯೋದಲ್ಲಿ. ಪೋಸ್ಟನ್‌ನಿಂದ ಬಂದ ಮೇಲೆ ಬೀದಿಯಲ್ಲಿ ಜಪಾನಿ ಮಾತಾಡುವುದನ್ನೇ ನಿಲ್ಲಿಸಿದ್ದವರು, ಶನಿವಾರ ರಾತ್ರಿ ಕಿಟಕಿ ಮುಚ್ಚಿ ಆ ರೆಕಾರ್ಡು ಹಾಕುತ್ತಿದ್ದರಂತೆ.

ಆಸ್ಕರ್ ಬಂದ ವರ್ಷವೇ, ಡಿಸೆಂಬರ್ 1ರಂದು, ಬ್ರಾಡ್‌ವೇಯಲ್ಲಿ ರಾಜರ್ಸ್ ಮತ್ತು ಹ್ಯಾಮರ್‌ಸ್ಟೈನ್ ಅವರ ‘ಫ್ಲವರ್ ಡ್ರಮ್ ಸಾಂಗ್’ ತೆರೆ ಕಂಡಿತು. ಸ್ಯಾನ್ ಫ್ರಾನ್ಸಿಸ್ಕೋದ ಚೀನಿ ಕುಟುಂಬದ ಕಥೆ, ನಾಯಕಿ ಮೇಯ್ ಲೀ ಪಾತ್ರ ಜಪಾನಿನ ಮಿಯೋಶಿಗೆ. ‘ಐ ಆಮ್ ಗೋಯಿಂಗ್ ಟು ಲೈಕ್ ಇಟ್ ಹಿಯರ್’ ಎಂಬ ಹಾಡು ಅವಳದು. ಹೊಸ ದೇಶಕ್ಕೆ ಬಂದಿಳಿದ ಹೆಣ್ಣು ಇಲ್ಲಿ ತನಗೆ ಹಿಡಿಸಲಿದೆ ಎಂದುಕೊಳ್ಳುವ ಹಾಡು. ಮಲಯದ ಪಂತೂನ್ ಎಂಬ ಛಂದಸ್ಸಿನಲ್ಲಿದೆ. ಒಂದು ಪದ್ಯದ ಎರಡನೇ, ನಾಲ್ಕನೇ ಸಾಲುಗಳು ಮುಂದಿನ ಪದ್ಯದ ಒಂದನೇ, ಮೂರನೇ ಸಾಲುಗಳಾಗುತ್ತವೆ. ನಮ್ಮ ಮುಕ್ತಪದಗ್ರಸ್ತದ ದೂರದ ನೆಂಟ ಅನ್ನಬಹುದು. ಹೊಸದಾಗಿ ಬಂದವರು ಹೇಳಿದ್ದನ್ನೇ ತಿರುಗಿ ಹೇಳಿಕೊಂಡು ತಮಗೆ ತಾವೇ ಧೈರ್ಯ ತುಂಬಿಕೊಳ್ಳುವುದು ಹೀಗೇ. ಮಿಯೋಶಿ ಅದನ್ನು ಎಷ್ಟು ಸಣ್ಣ ದನಿಯಲ್ಲಿ ಹಾಡುತ್ತಾಳೆಂದರೆ, ಹಿಡಿಸದೆಯೂ ಹೋಗಬಹುದು ಎಂಬುದು ನಮಗೆ ಕೇಳಿಸುತ್ತದೆ. ಅವಳ ಹಾಡುಗಳಲ್ಲಿ ನನಗೆ ಮೇಲೆನಿಸುವುದು ಇದೇ.

1961ರಲ್ಲಿ ಇದು ಚಿತ್ರವೂ ಆಯಿತು. ಅದರಲ್ಲಿರುವ ಜಾಕ್ ಸೂ ಎಂಬ ನಟನ ನಿಜ ಹೆಸರು ಗೋರೋ ಸುಜುಕಿ. ಯುದ್ಧಕಾಲದಲ್ಲಿ ಶಿಬಿರದಲ್ಲಿದ್ದವನು, ಚೀನಿ ಪಾತ್ರಕ್ಕಾಗಿ ಸುಜುಕಿಯನ್ನು ಸೂ ಮಾಡಿಕೊಂಡ. ಮೈಸೂರು ಸೀಮೆಯ ಕಾರಾಪುರದ ಮಾವುತನ ಮಗನೂ ಈ ಊರಿನಲ್ಲೇ, ‘ಎಲಿಫೆಂಟ್ ಬಾಯ್’ ಚಿತ್ರದಿಂದ ಹೆಸರಾಗಿ, ಕೊನೆಯವರೆಗೂ ಬರೀ ‘ಸಾಬು’ ಆಗಿ ಬಾಳಿ 1963ರಲ್ಲಿ ತೀರಿಕೊಂಡ. ಹಾಲಿವುಡ್ಡಿಗೆ ನಮ್ಮವರ ಹೆಸರಿನ ವಿಷಯದಲ್ಲಿ ಎಂದೂ ತಾಳ್ಮೆ ಇರಲಿಲ್ಲ.

ಆಸ್ಕರ್ ನಂತರ ಮಿಯೋಶಿಗೆ ಸಿಕ್ಕಿದ್ದು ನಾಲ್ಕೇ ಚಿತ್ರ. 1969ರಿಂದ 1972ರವರೆಗೆ ಟಿವಿ ಧಾರಾವಾಹಿಯೊಂದರಲ್ಲಿ ಮನೆಗೆಲಸದ ಮಿಸೆಸ್ ಲಿವಿಂಗ್‌ಸ್ಟನ್ ಆದಳು, ತೊಡರುವ ಇಂಗ್ಲಿಷಿನಲ್ಲಿ. ‘ಮೈ ಫೂಲಿಷ್ ಹಾರ್ಟ್’ ಹಾಡಿದ ನಾಲಗೆ ಅದು! ಆಮೇಲೆ ಬಣ್ಣ ಒರೆಸಿಕೊಂಡವಳು ಮತ್ತೆ ಹಚ್ಚಲಿಲ್ಲ. ಗಂಡ ಹೆಂಡತಿ ಲಾಸ್ ಏಂಜಲಿಸ್‌ನಲ್ಲಿ ಸ್ಟುಡಿಯೋಗಳಿಗೂ ಕಾಲೇಜುಗಳಿಗೂ ಎಡಿಟಿಂಗ್ ಯಂತ್ರಗಳನ್ನು ಬಾಡಿಗೆಗೆ ಕೊಡುವ ವ್ಯವಹಾರ ನಡೆಸಿದರು. 1976ರಲ್ಲಿ ಗಂಡ ತೀರಿಕೊಂಡರು. ಅವಳು 2007ರಲ್ಲಿ, ಮಿಜೂರಿಯ ಲಿಕಿಂಗ್ ಎಂಬ ಸಣ್ಣ ಊರಿನಲ್ಲಿ, ಮಗನ ಸಂಸಾರದ ಹತ್ತಿರ.

ಮಗ ಆಮೇಲೆ ಪತ್ರಿಕೆಯೊಂದಕ್ಕೆ ಹೇಳಿದ್ದು: ತಾಯಿ ಆಸ್ಕರ್ ಮೇಲಿದ್ದ ತನ್ನ ಹೆಸರನ್ನು ಕೆರೆದು ಅಳಿಸಿ, ಮೂರ್ತಿಯನ್ನು ಕಸಕ್ಕೆ ಎಸೆದಿದ್ದರು. ತಾನು ಯಾರಾಗಿದ್ದೆ, ಏನು ಮಾಡಿದ್ದೆ ಎಂಬುದು ತನಗೆ ಗೊತ್ತು ಎಂದಿದ್ದರಂತೆ. ಲೆಕ್ಕಿಗನಾಗಿ ನಾನು ಈ ಜಮಾ-ಖರ್ಚನ್ನು ಬಹಳ ಸಲ ತಿರುವಿ ಹಾಕಿದ್ದೇನೆ. ಈಗಿನ ಕರಾರಿನಂತೆ ಆಸ್ಕರ್ ಮಾರುವವರು ಮೊದಲು ಅಕಾಡೆಮಿಗೇ 1 ಡಾಲರ್‌ಗೆ ಕೊಡಲು ಮುಂದಾಗಬೇಕು. ಪುಸ್ತಕದಲ್ಲಿ ಅದರ ಬೆಲೆ ಅಷ್ಟೇ. ಎಸೆಯುವುದಾಗಿದ್ದರೆ ಸುಮ್ಮನೆ ಎಸೆಯಬಹುದಿತ್ತು. ಕುಳಿತು ಹೆಸರು ಕೆರೆದ ಆ ಹೊತ್ತನ್ನು ಯಾವ ಖಾತೆಗೆ ಬರೆಯಬೇಕೋ ನನಗೆ ತಿಳಿದಿಲ್ಲ.

ಮಾರ್ಚ್ ಕೊನೆಯಲ್ಲಿ ಅಜ್ಜಿ ಸಹಿ ಹಾಕಲು ಬಂದಾಗ, ಹಳೆಯ ರೆಕಾರ್ಡು ಮಾರುವವರ ದರ ನೋಡಿ ನಲವತ್ತೇಳನೆಯ ಸಾಲಿಗೆ 12 ಡಾಲರ್ ಬರೆದಿದ್ದೆ. ಅವರು ತಕರಾರು ಮಾಡಲಿಲ್ಲ. ಪೆನ್ನು ತೆಗೆದುಕೊಂಡು ಮಿಯೋಶಿಯ ಮುಂದೆ ‘ಉಮೆಕಿ’ ಎಂದು ಸೇರಿಸಿದರು.

ಫೋನಿನಲ್ಲಿ ಒಂದು ಹಾಡು ಹಾಕಿದೆ, ನ್ಯಾನ್ಸಿಯ ಕಾಲದ್ದು, ಅರ್ಧ ಇಂಗ್ಲಿಷ್ ಅರ್ಧ ಜಪಾನಿ. ಇಂಗ್ಲಿಷ್ ಭಾಗ ಮುಗಿಯುವವರೆಗೆ ಅವರು ಕೈಚೀಲ ಹಿಡಿದು ಸುಮ್ಮನೆ ಕುಳಿತಿದ್ದರು. ಜಪಾನಿ ಸಾಲು ಬಂದಾಗ ತುಟಿ ಅಲುಗಿತು. ಹಾಡು ಮುಗಿದ ಮೇಲೆ ಕನ್ನಡಕ ಹಾಕಿಕೊಂಡು, ನಲವತ್ತೆಂಟನೆಯ ಸಾಲಿನ ಹೊಲಿಗೆ ಯಂತ್ರಕ್ಕೆ ನಾನು ಹಾಕಿದ್ದ ಬೆಲೆ ತೀರ ಕಡಿಮೆಯಾಯಿತು ಎಂದರು.