ಬಿಳಿಗಿರಿಯ ಸೋಲಿಗರ ಹೊಲ

ನಮ್ಮ ತಾಳವಾಡಿ ಸೀಮೆಯಲ್ಲಿ ರಾಗಿ ತೆನೆಗಟ್ಟುವ ಕಾಲಕ್ಕೆ ಶಾಲೆಯ ಹಿಂದಿನ ಸಾಲಿನಲ್ಲಿ ಕೆಲವು ಮಕ್ಕಳು ತೂಕಡಿಸುವುದನ್ನು ನಾವು ಪ್ರತಿವರ್ಷವೂ ಕಾಣುತ್ತೇವೆ. ಕಾರಣ ಕೇಳಬೇಕಾದುದಿಲ್ಲ. ರಾತ್ರಿಯೆಲ್ಲ ತಂದೆಯೊಡನೆ ಅಟ್ಟಣೆಯ ಮೇಲೆ ಕುಳಿತು ಆನೆ ಕಾದ ಮಕ್ಕಳು ಅವರು. ಗದರಿಸಲು ನಮಗೆ ಬಾಯಿ ಬಾರದು. ಆನೆ ಓಡಾಡುವ ಕಾಡಿನಲ್ಲಿ ಇವರು ಹೊಲವನ್ನೇಕೆ ಮಾಡಿಕೊಂಡರು ಎಂದು ಪೇಟೆಯಿಂದ ಬಂದವರು ಕೇಳುವುದುಂಟು. ಹೊಲವು ಮೊದಲಿನದೋ, ಕಾಡಿಗೆ ಕಾಯಿದೆಯ ಬೇಲಿ ಬಿದ್ದುದು ಮೊದಲಿನದೋ ಎಂಬುದನ್ನು ವಿಚಾರಿಸಿದ ಮೇಲೆ ಈ ಪ್ರಶ್ನೆಯನ್ನು ಕೇಳುವುದು ಲೇಸು. ಅದಕ್ಕಾಗಿ ನಮ್ಮ ಈಶಾನ್ಯಕ್ಕೆ ಹಬ್ಬಿರುವ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಬೇಸಾಯದ ಚರಿತ್ರೆಯನ್ನು ವಾಚಕರ ಮುಂದಿಡುತ್ತೇವೆ.

ಸೋಲಿಗರು ಬೆಟ್ಟದ ಎರಡು ಮಗ್ಗುಲಲ್ಲಿಯೂ ಇದ್ದಾರೆ. ಅವರ ನುಡಿ ಕನ್ನಡಕ್ಕೆ ಅತಿ ಸಮೀಪವಾದುದು. (ತಮಿಳುನಾಡಿನ ಸರ್ಕಾರಿ ಪಟ್ಟಿಯಲ್ಲಿ ಇವರೇ 'ಶೋಲಗ'ರಾಗಿದ್ದಾರೆ; ಗಡಿ ದಾಟಿದರೆ ಹೆಸರಿನ ಮೊದಲ ಅಕ್ಷರವೂ ಬದಲಾಗುತ್ತದೆ!) 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇವರನ್ನು ಕುರಿತು ಬರೆದಿದ್ದಾನೆ. ಸರ್ಕಾರದ ಕಡತಗಳಲ್ಲಿ 'ಕುಮರಿ' ಎಂದು ಹೆಸರಾದುದೇ ಇವರ ಹಳೆಯ ಬೇಸಾಯ. ಬೇಸಗೆಯಲ್ಲಿ ಪೊದೆ ಸವರಿ, ಒಣಗಿದ ಮೇಲೆ ಸುಟ್ಟು, ಮೊದಲ ಮಳೆಗೆ ಆ ಬೂದಿಯ ನೆಲದಲ್ಲಿ ಬಿತ್ತುವುದು. ಎರಡು ಮೂರು ಬೆಳೆ ತೆಗೆದು ನೆಲಕ್ಕೆ ಬಿಡುವು ಕೊಟ್ಟು ಮುಂದೆ ಸಾಗುವುದು. ದೊಡ್ಡ ಮರಗಳನ್ನೂ ಹಣ್ಣಿನ ಮರಗಳನ್ನೂ ಉಳಿಸಿಕೊಳ್ಳುತ್ತಿದ್ದರು. ರಾಗಿಯ ನಡುವೆ ಅವರೆ, ಸಾಸಿವೆ, ಹರಿವೆ, ಕುಂಬಳ ಒಂದೇ ಹೊಲದಲ್ಲಿ ಬೆಳೆಯುತ್ತಿದ್ದುವು. ಒಂದು ಕೆಟ್ಟರೆ ಇನ್ನೊಂದು ಕೈಹಿಡಿಯುತ್ತಿತ್ತು.

ಆಗ ಬೆಟ್ಟವು ಎರಡು ಆಡಳಿತಗಳಿಗೆ ಹಂಚಿಹೋಗಿತ್ತು. ಯಳಂದೂರು ಮತ್ತು ಚಾಮರಾಜನಗರದ ಭಾಗ ಮೈಸೂರಿನದು. ಕೊಳ್ಳೇಗಾಲದ ಭಾಗ ಮದರಾಸಿನ ಕೊಯಮತ್ತೂರು ಜಿಲ್ಲೆಯದು. 1882ರ ಮದರಾಸು ಅರಣ್ಯ ಕಾಯಿದೆ ಬಂದ ಮೇಲೆ ಕಾಯ್ದಿಟ್ಟ ಕಾಡಿನಲ್ಲಿ ಸುಟ್ಟು ಬಿತ್ತುವುದು ಅಪರಾಧವಾಯಿತು. ಇಲ್ಲಿ ಒಂದು ಸಂಗತಿಯನ್ನು ಮರೆಯಲಾಗದು. ಹೆಚ್ಚುಕಡಿಮೆ ಅದೇ ದಶಕಗಳಲ್ಲಿ ಇದೇ ಬೆಟ್ಟದ ಮೇಲೆ ಮಾರಿಸ್ ಮನೆತನದವರು ಕಾಫಿ ತೋಟಗಳನ್ನು ಎಬ್ಬಿಸಿದರು. ಹೊನ್ನಮೇಟಿ, ಅತ್ತಿಕಾನುಗಳ ಹೆಸರು ಇಂದಿಗೂ ಕಾಫಿಯೊಡನೆಯೇ ಕೇಳಿಬರುತ್ತದೆ. ದೊರೆಯ ತೋಟಕ್ಕೆ ಪಟ್ಟೆ ದೊರೆಯಿತು. ಸೋಲಿಗನ ರಾಗಿಹೊಲಕ್ಕೆ ದೊರೆಯಲಿಲ್ಲ. ಎರಡೂ ಬೇಸಾಯವೇ, ಎರಡೂ ಕಾಡಿನಲ್ಲಿಯೇ.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿತು. ತಾಳವಾಡಿ ಮದರಾಸಿನಲ್ಲಿಯೇ ಉಳಿಯಿತು. ಕನ್ನಡಿಗರಾದ ನಾವು ಈ ಗೆರೆಯನ್ನು ಶಾಲೆ, ಪಠ್ಯಪುಸ್ತಕ, ನೌಕರಿಗಳ ಲೆಕ್ಕದಲ್ಲಿ ನೆನೆದು ಕೊರಗುತ್ತ ಬಂದಿದ್ದೇವೆ. ಬೆಟ್ಟದ ನೆಂಟರಿಬ್ಬರ ಹೊಲದ ಹಣೆಬರಹವನ್ನೂ ಅದೇ ಗೆರೆ ಬೇರ್ಪಡಿಸೀತೆಂದು ಅಂದು ಯಾರಿಗೆ ತೋಚಿತ್ತು?

1974ರಲ್ಲಿ ಬಿಳಿಗಿರಿ ಕಾಡು ವನ್ಯಜೀವಿಧಾಮವಾಯಿತು. ಅಲೆದು ಬೇಸಾಯ ಮಾಡುವುದು ಪೂರ್ತಿ ನಿಂತಿತು. ಸೋಲಿಗರನ್ನು ಪೋಡುಗಳಲ್ಲಿ ನೆಲೆಗೊಳಿಸಿ ತುಂಡುನೆಲ ಕೊಡಲಾಯಿತು. ಬೇಟೆಯೂ ಹೋಯಿತು, ಬೆಂಕಿಯೂ ಹೋಯಿತು. ಈ ಬೆಂಕಿಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಬೇಸಗೆಯ ಆರಂಭದಲ್ಲಿಯೇ ನೆಲದ ಒಣಎಲೆಗೆ ಸಣ್ಣದಾಗಿ ಹಚ್ಚುವುದಕ್ಕೆ ಸೋಲಿಗರು 'ತರಗು ಬೆಂಕಿ' ಎನ್ನುತ್ತಾರೆ. ಅದು ಹುಲ್ಲನ್ನು ಚಿಗುರಿಸುತ್ತಿತ್ತು. ಲಂಟಾನದ ಎಳೆಯ ಗಿಡಗಳನ್ನೂ ನೆಲ್ಲಿಮರವನ್ನು ಹೀರುವ ಉಪ್ಪಿಲನ್ನೂ ಹತ್ತಿಕ್ಕುತ್ತಿತ್ತು ಎಂದು ಹಿರಿಯರು ಸಂಶೋಧಕರಿಗೆ ತಿಳಿಸಿದ್ದಾರೆ. ಬೆಂಕಿ ನಿಂತ ಮೇಲಿನ ಲೆಕ್ಕವನ್ನು ನೋಡಿ: 1997ರಿಂದ 2008ರ ನಡುವೆ ಈ ಕಾಡಿನಲ್ಲಿ ಲಂಟಾನ ಹಬ್ಬಿದ ನೆಲ ಸುಮಾರು ಇಮ್ಮಡಿಯಾಯಿತು. ಅದರಡಿಯಲ್ಲಿ ಹುಲ್ಲು ಬೆಳೆಯದು, ಗೆಣಸು ಸಿಕ್ಕದು. ಕಾಡಿನಲ್ಲಿ ಮೇವು ತಗ್ಗಿದರೆ ಆನೆಯೂ ಕಡವೆಯೂ ಹೊಲದತ್ತ ಮುಖ ಮಾಡುವುದು ಸಹಜ. ಹಾಗೆಂದು ಇಂದೇ ಬೆಂಕಿ ಹಚ್ಚಿಬಿಡೋಣ ಎನ್ನುವವರೊಡನೆ ನಾವಿಲ್ಲ. ಆಳೆತ್ತರದ ಒಣ ಲಂಟಾನಕ್ಕೆ ಕಿಡಿ ತಗುಲಿದರೆ ಅದು ತರಗು ಬೆಂಕಿಯಲ್ಲ, ಮರದ ನೆತ್ತಿಗೇರುವ ಕಾಳ್ಗಿಚ್ಚು. ಮೊದಲು ಲಂಟಾನವನ್ನು ಬುಡಸಹಿತ ಕೀಳಬೇಕು; ಆ ಕೆಲಸಕ್ಕೆ ಸೋಲಿಗರಿಗಿಂತ ತಿಳಿದವರು ಸಿಕ್ಕಲಾರರು.

ಈ ಶತಮಾನದ ಆರಂಭದಲ್ಲಿ ವನ್ಯಜೀವಿ ಕಾಯಿದೆಯ 2002ರ ತಿದ್ದುಪಡಿಯ ಆಧಾರದ ಮೇಲೆ ಜೇನು, ನೆಲ್ಲಿಕಾಯಿಗಳನ್ನು ತಂದು ಮಾರುವುದಕ್ಕೂ ತಡೆ ಬಿತ್ತು. ಕೈಯಲ್ಲಿ ಉಳಿದುದು ಹಕ್ಕುಪತ್ರವಿಲ್ಲದ ಆ ತುಂಡುನೆಲ ಮಾತ್ರ.

2006ರ ಅರಣ್ಯಹಕ್ಕು ಕಾಯಿದೆ ಈ ಗಂಟನ್ನು ಸಡಿಲಿಸಿತು. 2005ರ ಡಿಸೆಂಬರ್ 13ಕ್ಕೆ ಮುಂಚೆ ಉಳುತ್ತಿದ್ದ ಬುಡಕಟ್ಟಿನ ಕುಟುಂಬಕ್ಕೆ 4 ಹೆಕ್ಟೇರು, ಅಂದರೆ ಸುಮಾರು 10 ಎಕರೆ ಮೀರದಂತೆ ಆ ನೆಲದ ಹಕ್ಕು. ಮಕ್ಕಳಿಗೆ ಬರುತ್ತದೆ, ಮಾರುವಂತಿಲ್ಲ. ಮಾರುವಂತಿಲ್ಲ ಎಂಬ ಆ ಒಂದು ಮಾತಿನಿಂದ ಹೊಲವೂ ಉಳಿಯಿತು, ಅದರ ಸುತ್ತಣ ಕಾಡೂ ವಸತಿಗೃಹದವರ ಕೈಗೆ ಹೋಗದೆ ಉಳಿಯಿತು ಎಂಬುದು ನಮ್ಮ ಎಣಿಕೆ. 2011ರ ಜನವರಿಯಲ್ಲಿ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಅದೇ ವರ್ಷ 25 ಗ್ರಾಮಸಭೆಗಳ ಸಾಮುದಾಯಿಕ ಹಕ್ಕಿಗೂ ಮನ್ನಣೆ ಸಿಕ್ಕಿತು. ಹುಲಿಯ ಕಾಡಿನಲ್ಲಿ ಇಂಥ ಹಕ್ಕು ದೊರೆತುದು ದೇಶದಲ್ಲಿಯೇ ಮೊದಲು.

ಗೆರೆಯ ಈಚೆಗೆ ಹಾಗಾಗಲಿಲ್ಲ. ಮದರಾಸು ಉಚ್ಚ ನ್ಯಾಯಾಲಯದ 2008ರ ಆದೇಶದಿಂದ ತಮಿಳುನಾಡಿನಲ್ಲಿ ಹಕ್ಕುಪತ್ರ ವಿತರಣೆ ನಿಂತುಹೋಯಿತು. ಸರ್ವೋಚ್ಚ ನ್ಯಾಯಾಲಯ ಆ ತಡೆಯನ್ನು ತೆಗೆದುದು 2016ರಲ್ಲಿ. ಆ ನಡುವೆ, 2013ರಲ್ಲಿ, ಸತ್ಯಮಂಗಲದ ಕಾಡೂ ಹುಲಿ ಸಂರಕ್ಷಿತವಾಯಿತು. ಅಣ್ಣನಿಗೆ ಕಾಗದ ಬಂದು ತಮ್ಮನು ವರ್ಷಗಟ್ಟಲೆ ಕಾದುದು ಹೀಗೆ.

ಇನ್ನು ಹೊಲದ ಮಾತು. ಬಿಳಿಗಿರಿಯ ಪೋಡುಗಳಲ್ಲಿ ಈಗ ಮರದ ನೆರಳಿನಡಿ ಕಾಫಿ ಹಬ್ಬಿದೆ. ಒಂದು ಕಾಲಕ್ಕೆ ದೊರೆಯ ಬೆಳೆಯಾಗಿದ್ದುದನ್ನು ಸೋಲಿಗರು ತಮ್ಮದಾಗಿಸಿಕೊಂಡು, ತಮ್ಮದೇ ಕಂಪನಿಯ ಮೂಲಕವೂ ಮಾರುತ್ತಿದ್ದಾರೆ. ಆನೆಗೆ ರಾಗಿಯ ಮೇಲಿರುವ ಆಸೆ ಕಾಫಿಯ ಮೇಲಿಲ್ಲ. ನೆರಳಿನ ಮರವನ್ನೂ ಕಡಿಯಬೇಕಾಗಿಲ್ಲ. ಬೆಂಬಲಿಸತಕ್ಕ ಬೇಸಾಯವೇ ಸರಿ. ಆದರೆ ಕಾಫಿಯ ಬೆಲೆ ದೂರದ ಪೇಟೆಯಲ್ಲಿ ಏರಿಳಿಯುವಂಥದು, ಮತ್ತು ಬಿತ್ತದೆ ಬಿಟ್ಟ ರಾಗಿಯ ಬೀಜ ಮಡಕೆಯಲ್ಲಿ ಬಹಳ ವರ್ಷ ಬಾಳದು. ಕೊಯ್ಲಾದ ಮೇಲೆ ಸೋಲಿಗರು ಹೊಸ ರಾಗಿಯ ರೊಟ್ಟಿ ಸುಟ್ಟು ದೇವರಿಗೆ ಒಪ್ಪಿಸುವ ರೊಟ್ಟಿಹಬ್ಬವಿದೆ. ರಾಗಿಹೊಲ ಕಾಯುವವರಿಗೆ ಬೇಲಿಯೂ ಬೆಳೆನಷ್ಟದ ಪರಿಹಾರವೂ ಆ ಹಬ್ಬಕ್ಕೆ ಮುಂಚೆ ಬಂದು ಸೇರಿದರೆ, ನಮ್ಮ ಹಿಂದಿನ ಸಾಲಿನ ಮಕ್ಕಳು ರಾತ್ರಿ ಮನೆಯಲ್ಲಿ ಮಲಗಿಯಾರು.