ದೂರವಾಣಿಯ ಜಮಾಖರ್ಚು

ನಿಮ್ಮ ಮನೆಯ ಅಟ್ಟದ ಮೇಲೆ ಹಿರಿಯರ ಕಾಲದ ವಾಲ್ವಿನ ರೇಡಿಯೋ ಇನ್ನೂ ಉಳಿದಿದ್ದರೆ ಒಮ್ಮೆ ಕೆಳಗಿಳಿಸಿ ನೋಡಿರಿ. ಗುಂಡಿ ತಿರುವಿದ ಮೇಲೆ ವಾಲ್ವು ಕಾಯುವ ತನಕ ಸುಮ್ಮನೆ ಕುಳಿತಿರಬೇಕಾಗಿತ್ತು. ಧಾರವಾಡದ ಧ್ವನಿ ಕೇಳಿಬರುವ ಹೊತ್ತಿಗೆ ಪೆಟ್ಟಿಗೆಯ ಬೆನ್ನು ಬೆಚ್ಚಗಾಗಿರುತ್ತಿತ್ತು. ಆ ಬಿಸಿಯೆಲ್ಲ ಮನೆಯವರು ಹಣ ತೆತ್ತು ಪಡೆದ ವಿದ್ಯುತ್ತೇ. ಬಳಿಕ ಟ್ರಾನ್ಸಿಸ್ಟರ್ ಬಂದಿತು. ಕೆಲವೇ ಸೆಲ್ಲುಗಳ ಬಲದಿಂದ ಅದೇ ಹಾಡು, ಅದೇ ವಾರ್ತೆ ಕೇಳಿಸಿತು.

ಮೊಬೈಲ್ ಕಂಪನಿಗಳು ಹಳೆಯ ಯಂತ್ರ ಕಳಚಿ ಹೊಸದನ್ನು ಏಕೆ ಹೂಡುತ್ತವೆ ಎಂಬ ಪ್ರಶ್ನೆಗೆ ಉತ್ತರದ ಮುಕ್ಕಾಲು ಪಾಲು ಈ ಪೆಟ್ಟಿಗೆಯಲ್ಲಿಯೇ ಇದೆ. ಉಳಿದ ಕಾಲು ಪಾಲು ಮಾತ್ರ ಸ್ವಲ್ಪ ತೊಡಕಿನದು. ಅದಕ್ಕೆ ಆಮೇಲೆ ಬರೋಣ.

ನಮ್ಮ ಸೀಮೆಗೆ ಸುದ್ದಿಯ ತಂತಿ ರೈಲಿನ ಜೊತೆಜೊತೆಗೆ ಬಂದಿತು. 1880ರ ದಶಕದಲ್ಲಿ ಹೊಟಗಿಯಿಂದ ಗದಗಿನವರೆಗೆ ಮೀಟರ್ ಗೇಜ್ ಹಾದಿ ಬಿದ್ದಾಗ ಬಾಗಲಕೋಟೆ, ಬಾದಾಮಿಗಳು ಆ ಹಾದಿಯ ಮೇಲಿದ್ದವು. ಹುನಗುಂದ, ಇಳಕಲ್ಲುಗಳು ದೂರ ಉಳಿದವು. ತಂತಿಯೆಂದರೆ ಮೈಲಿ ಮೈಲಿಗೂ ಕಂಬ, ಮೈಲಿ ಮೈಲಿಗೂ ಖರ್ಚು. ಮುಂದೆ ಟೆಲಿಫೋನು ಬಂದ ಮೇಲೆಯೂ ಈ ಲೆಕ್ಕ ಬದಲಾಗಲಿಲ್ಲ. ಟ್ರಂಕ್ ಕಾಲ್ ಬರೆಯಿಸಿ, ಆಪರೇಟರ್ ಕೂಗುವ ತನಕ ಕಾದು ಕುಳಿತ ನೆನಪು ನಿಮ್ಮಲ್ಲಿ ಹಲವರಿಗೆ ಇರಬಹುದು.

ಖರ್ಚಿನ ಬೇರಿಗೇ ಕೈಹಾಕಿದ ಮೊದಲ ಪ್ರಯೋಗಗಳಲ್ಲೊಂದು ನಡೆದದ್ದು ನಮ್ಮ ನೆರೆಯ ಬೆಳಗಾವಿ ಜಿಲ್ಲೆಯಲ್ಲಿ ಎಂಬುದು ಅಭಿಮಾನದ ಮಾತು. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ, ಸ್ಯಾಮ್ ಪಿತ್ರೋಡಾ ಅವರ ಪ್ರೇರಣೆಯಿಂದ, ಹಳ್ಳಿಗಳಿಗೆಂದೇ 128 ಪೋರ್ಟುಗಳ ಚಿಕ್ಕ ಸ್ವಯಂಚಾಲಿತ ಎಕ್ಸ್‌ಚೇಂಜನ್ನು ರಚಿಸಿತು. 1986ರಲ್ಲಿ ಅದನ್ನು ಮೊದಲು ಹೂಡಿದ್ದು ಕಿತ್ತೂರಿನಲ್ಲಿ. ವಿದೇಶದಿಂದ ಬರುತ್ತಿದ್ದ ಎಕ್ಸ್‌ಚೇಂಜುಗಳಿಗೆ ತಂಪು ಮಾಡಿದ ಕೋಣೆ ಬೇಕಾಗಿತ್ತು. ಇದಕ್ಕೆ ಏರ್‌ಕಂಡೀಶನ್ ಬೇಡವಾಗಿತ್ತು. ಬಾದಾಮಿಯ ಏಪ್ರಿಲ್ ಬಿಸಿಲನ್ನು, ಅಲ್ಲಿಯ ಕೆಂಪು ಬಂಡೆಗಳು ರಾತ್ರಿಯಲ್ಲಿಯೂ ಕಾರುವ ಝಳವನ್ನು ಬಲ್ಲವರಿಗೆ, ಯಂತ್ರವನ್ನು ತಂಪಾಗಿಡುವ ಖರ್ಚು ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ.

1995ರ ಜುಲೈ 31ರಂದು ಪಶ್ಚಿಮ ಬಂಗಾಲದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲಕತ್ತೆಯಿಂದ ದಿಲ್ಲಿಯ ಸಚಿವ ಸುಖರಾಮ ಅವರೊಡನೆ ಮೊಬೈಲಿನಲ್ಲಿ ಮಾತನಾಡಿದರು. ದೇಶದ ಮೊದಲ ಮೊಬೈಲ್ ಕರೆ ಅದು. ಆಗ ಬರುವ ಕರೆಗೂ ಹಣ ತೆರಬೇಕಾಗಿತ್ತು. ಅದು ಪುಕ್ಕಟೆಯಾದದ್ದು 2003ರಲ್ಲಿ. ತಂತಿಯ ಕಂಬಗಳು ಹೋದವು ನಿಜ. ಆದರೆ ಹಳೆಯ ತಂಪು ಕೋಣೆ ಈಗ ಟವರಿನ ಬುಡಕ್ಕೆ ಬಂದು ಕುಳಿತಿತು. 2ಜಿ ಎನ್ನುವ ಪದ್ಧತಿಯಲ್ಲಿ ರೇಡಿಯೋ ಯಂತ್ರ ಆ ಕೋಣೆಯೊಳಗೆ ಇರುತ್ತಿತ್ತು. ಅಲ್ಲಿಂದ ದಪ್ಪ ಕೇಬಲ್ಲು ಟವರಿನ ತುದಿಗೆ ಏರುತ್ತಿತ್ತು. ಏರುವ ದಾರಿಯಲ್ಲಿಯೇ ಶಕ್ತಿಯ ಒಂದು ಪಾಲು ಬಿಸಿಯಾಗಿ ಹಾಳು. ಯಂತ್ರ ಕಾಯದಂತೆ ಏರ್‌ಕಂಡೀಶನ್, ಕರೆಂಟು ಹೋದರೆ ಡೀಸೆಲ್ ಜನರೇಟರ್. ಹೊಸ ಪದ್ಧತಿಯಲ್ಲಿ ರೇಡಿಯೋ ಯಂತ್ರ ಚಿಕ್ಕ ಪೆಟ್ಟಿಗೆಯಾಗಿ ಟವರಿನ ಮೇಲೆ, ಆಂಟೆನಾದ ಮಗ್ಗುಲಿಗೇ ಏರಿತು. ಅಲ್ಲಿಯವರೆಗೆ ಹೋಗುವುದು ಕೂದಲೆಳೆಯಂಥ ಗಾಜಿನ ನಾರು. ಪೆಟ್ಟಿಗೆಯನ್ನು ಗಾಳಿಯೇ ತಂಪಾಗಿಡುತ್ತದೆ.

ಇನ್ನೊಂದು ಉಳಿತಾಯ ತರಂಗದ್ದು. 2ಜಿಯಲ್ಲಿ 200 ಕಿಲೋಹರ್ಟ್ಸ್ ಅಗಲದ ಒಂದು ಪಟ್ಟಿಯನ್ನು ಎಂಟು ಸರದಿಗಳಾಗಿ ಹಂಚುತ್ತಾರೆ. ಕರೆ ಮುಗಿಯುವ ತನಕ ನಿಮ್ಮ ಸರದಿ ನಿಮ್ಮದೇ, ಮಾತನಾಡಿರಿ, ಸುಮ್ಮನಿರಿ. 4ಜಿಯಲ್ಲಿ ಮಾತನ್ನೂ ಚಿತ್ರವನ್ನೂ ತುಣುಕು ಮಾಡಿ, ತೆರಪು ಇದ್ದಲ್ಲೆಲ್ಲ ತುಂಬಿ ಕಳಿಸುತ್ತಾರೆ. ಬಸ್ಸಿನಲ್ಲಿ ಸೀಟಿಗೆ ಟವೆಲ್ ಹಾಕಿ ಹೋಗುವ ಪದ್ಧತಿ ನಿಂತಂತಾಯಿತು. ಕೋಟಿಗಟ್ಟಲೆ ಕೊಟ್ಟು ಹರಾಜಿನಲ್ಲಿ ಹಿಡಿದ ತರಂಗ ಹೆಚ್ಚು ಜನರಿಗೆ ಒದಗಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬರಿಯ 4ಜಿಯನ್ನೇ ನಂಬಿ ಕಣಕ್ಕಿಳಿದಾಗ ಹಳೆಯದನ್ನು ಸಾಕುವ ಹೊರೆ ಅದಕ್ಕೆ ಇರಲಿಲ್ಲ. 2014ರಲ್ಲಿ ಒಂದು ಜಿಬಿಗೆ ಸುಮಾರು 269 ರೂಪಾಯಿ ಇದ್ದ ದರ 2022ರ ಹೊತ್ತಿಗೆ ಸುಮಾರು 10 ರೂಪಾಯಿಗೆ ಇಳಿದಿತ್ತು. ಇದರಲ್ಲಿ ಯಂತ್ರದ ಪಾಲೆಷ್ಟೋ ಪೈಪೋಟಿಯ ಪಾಲೂ ಅಷ್ಟೇ ಎಂದು ನನ್ನ ಎಣಿಕೆ.

ಇನ್ನು ಆ ಕಾಲು ಪಾಲು. ಹೊಸದನ್ನು ಹೂಡಿದ ಮಾತ್ರಕ್ಕೆ ಉಳಿತಾಯ ಕೈಗೆ ಬರುವುದಿಲ್ಲ. ಹಳೆಯದನ್ನು ಮುಚ್ಚಿದಾಗಲೇ ಪೂರ್ತಿ ಬರುತ್ತದೆ. ನಮ್ಮ ಮೀಟರ್ ಗೇಜಿನ ಕಥೆಯನ್ನೇ ನೆನೆಯಿರಿ. ಹೊಟಗಿಯಲ್ಲಿ ಬ್ರಾಡ್ ಗೇಜಿನ ಡಬ್ಬಿಯಿಂದ ಮಾಲು ಇಳಿಸಿ ಇನ್ನೊಂದಕ್ಕೆ ಹೇರುವ ಹಮಾಲಿ, ಎರಡು ಬಗೆಯ ಇಂಜಿನು, ಎರಡು ಬಗೆಯ ಬಿಡಿಭಾಗ. ಹಳಿಯನ್ನೆಲ್ಲ ಒಂದೇ ಅಳತೆಗೆ ತರುವ ತನಕ ಈ ಇಬ್ಬಗೆಯ ಖರ್ಚು ತಪ್ಪಲಿಲ್ಲ. ಮೊಬೈಲಿನಲ್ಲಿಯೂ ಹಾಗೆಯೇ. ವಿಚಿತ್ರವೆಂದರೆ, 2020ರ ಹೊತ್ತಿಗೆ ಏರ್‌ಟೆಲ್ ಕಂಪನಿ ನಡುವಿನ 3ಜಿಯನ್ನು ಮುಚ್ಚಿತು, ಅದಕ್ಕಿಂತ ಹಳೆಯದಾದ 2ಜಿಯನ್ನು ಇಟ್ಟುಕೊಂಡಿತು. 3ಜಿಯ ಫೋನಿಗೆ 2ಜಿಯಲ್ಲಿ ಮಾತಿನ ಆಸರೆ ಇದ್ದಿತು. ಆದರೆ ಗುಂಡಿಯೊತ್ತುವ ಹಳೆಯ ಫೋನಿಗೆ 2ಜಿ ಬಿಟ್ಟರೆ ಬೇರೆ ಆಸರೆ ಇಲ್ಲ.

ಇಳಕಲ್ಲ ಸೀರೆ ಉಡುವವರಿಗೆ ತೋಪು ತೆನಿ ಗೊತ್ತು. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಎಳೆ ತಪ್ಪಿದರೆ ಸೆರಗು ಬಿಟ್ಟುಬರುತ್ತದೆ. ಹಳೆಯ ಜಾಲದಿಂದ ಹೊಸದಕ್ಕೆ ಗಿರಾಕಿಗಳನ್ನು ದಾಟಿಸುವ ಕೆಲಸವೂ ಅಂಥದೇ. ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕುಳಿತ ನೇಕಾರನಿಗೆ ಮಾತಿಗೊಂದು ಫೋನು ಸಾಕು. ಬ್ಯಾಂಕಿನ ಸಂದೇಶವೂ ಅದಕ್ಕೇ ಬರುತ್ತದೆ. 2ಜಿ ಮುಚ್ಚಿದರೆ ಉಳಿಯುವ ವಿದ್ಯುತ್ತು ಕಂಪನಿಯ ಜಮಾ ಬದಿಗೆ. ಹೊಸ ಫೋನಿನ ಬೆಲೆ ಅವನ ಖರ್ಚಿನ ಬದಿಗೆ. 2023ರ ಜುಲೈಯಲ್ಲಿ ಜಿಯೋ ಕಂಪನಿ 999 ರೂಪಾಯಿಗೆ 4ಜಿಯ ಗುಂಡಿ ಫೋನನ್ನು ತಂದಿತು. ಅಗ್ಗವೇ ಸರಿ. ಆದರೂ ಈ ದಾಟುವಿಕೆಯಿಂದ ಲಾಭ ಪಡೆಯುವವರೇ ಆ ಬೆಲೆಯ ದೊಡ್ಡ ಪಾಲನ್ನು ಹೊರಬೇಕೆಂದು ನನಗನಿಸುತ್ತದೆ.

2025ರ ಸೆಪ್ಟೆಂಬರ್ 27ರಂದು ಬಿಎಸ್‌ಎನ್‌ಎಲ್ ಸ್ವದೇಶಿ ಯಂತ್ರಗಳ 4ಜಿಯನ್ನು ಉದ್ಘಾಟಿಸಿತು. ಟವರಿನ ರೇಡಿಯೋ ಬೆಂಗಳೂರಿನ ತೇಜಸ್ ಕಂಪನಿಯದು. ಜಾಲದ ನಡುಗೇಂದ್ರ ಕಿತ್ತೂರಿನ ಎಕ್ಸ್‌ಚೇಂಜು ಮಾಡಿದ ಅದೇ ಸಿ-ಡಾಟ್‌ನದು. ಮನೆಯ ಹಿರಿಯರಿಗೆ ಇನ್ನು ಮುಂದೆ ಗುಂಡಿ ಫೋನು ಕೊಳ್ಳುವಾಗ, ಡಬ್ಬಿಯ ಮೇಲೆ 4ಜಿ ಎಂದು ಬರೆದಿದೆಯೋ ಇಲ್ಲವೋ ಎಂದು ಅಂಗಡಿಯಲ್ಲಿಯೇ ನೋಡಿಕೊಳ್ಳಿರಿ.