ತಿದ್ದಲಾಗದ ರಾತ್ರಿಗಳ ಸಂಗೀತ

2001ರ ಸೆಪ್ಟೆಂಬರ್ 11. ನ್ಯೂಯಾರ್ಕ್‌ನ ಜೋಡಿ ಗೋಪುರಗಳು ಕುಸಿದಾಗ ಅಲ್ಲಿಂದ ಕೆಲವೇ ಬೀದಿಗಳಾಚೆಯ ಎತ್ತರದ ಕಟ್ಟಡವೊಂದರಲ್ಲಿ ಜಾಝ್ ಸಂಗೀತದ ಹಿರಿಯ ವಾದಕ ಸನ್ನಿ ರಾಲಿನ್ಸ್ ಇದ್ದರು. ಆಗ ಅವರಿಗೆ 71 ವರ್ಷ. ಮರುದಿನ ನಿವಾಸಿಗಳನ್ನೆಲ್ಲ ತೆರವು ಮಾಡಿಸಿದಾಗ ಅವರು ಸ್ಯಾಕ್ಸೊಫೋನ್ ಹಿಡಿದು ಮೆಟ್ಟಿಲಿಳಿದು ಬಂದರು.

ಅದೇ ವಾರ ಬಾಸ್ಟನ್ ನಗರದಲ್ಲಿ ಅವರ ಕಛೇರಿ ನಿಗದಿಯಾಗಿತ್ತು. ರಾಲಿನ್ಸ್‌ಗೆ ನುಡಿಸುವ ಮನಸ್ಸಿರಲಿಲ್ಲ. ನುಡಿಸಲೇಬೇಕೆಂದು ಒತ್ತಾಯಿಸಿದವರು ಪತ್ನಿ ಲೂಸಿಲ್. ಸೆಪ್ಟೆಂಬರ್ 15ರಂದು ಕಛೇರಿ ನಡೆಯಿತು. ಸಭಿಕರ ನಡುವೆ ಕುಳಿತಿದ್ದ ಅಭಿಮಾನಿಯೊಬ್ಬರು ಅದನ್ನು ಸದ್ದಿಲ್ಲದೆ ಧ್ವನಿಮುದ್ರಿಸಿಕೊಂಡರು. ಆ ಮುದ್ರಣವೇ 2005ರಲ್ಲಿ ‘ವಿದೌಟ್ ಎ ಸಾಂಗ್’ ಎಂಬ ಹೆಸರಿನಲ್ಲಿ ಹೊರಬಂತು.

ಕಛೇರಿಯ ಧ್ವನಿಮುದ್ರಣಕ್ಕೆ ಜಾಝ್‌ನಲ್ಲಿ ಇಷ್ಟೊಂದು ಬೆಲೆ ಏಕೆ? ಗೊತ್ತಿರುವ ಹಾಡಿನ ಮಟ್ಟನ್ನು ಎತ್ತಿಕೊಂಡು, ಆ ಗಳಿಗೆಯ ಮನೋಧರ್ಮಕ್ಕೆ ತಕ್ಕಂತೆ ಬೆಳೆಸುತ್ತ ಹೋಗುವುದು ಈ ಸಂಗೀತದ ಜೀವಾಳ. 78 ಸುತ್ತಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷದ ಸಂಗೀತವಷ್ಟೇ ಹಿಡಿಯುತ್ತಿತ್ತು. 1948ರಲ್ಲಿ ಎಲ್‌ಪಿ ತಟ್ಟೆ ಬಂದ ಮೇಲೆ ಆ ಕಟ್ಟು ಸಡಿಲವಾಯಿತು. ಬೆನ್ನಿ ಗುಡ್‌ಮನ್ ತಂಡ 1938ರಲ್ಲಿ ಕಾರ್ನೆಗಿ ಹಾಲ್‌ನಲ್ಲಿ ನೀಡಿದ್ದ ಕಛೇರಿ 1950ರಲ್ಲಿ ಎಲ್‌ಪಿಯಾಗಿ ಬಂದು ಅಪಾರ ಜನಪ್ರಿಯತೆ ಗಳಿಸಿತು. 1957ರ ನವೆಂಬರ್ 3ರಂದು ನ್ಯೂಯಾರ್ಕ್‌ನ ‘ವಿಲೇಜ್ ವ್ಯಾನ್‌ಗಾರ್ಡ್’ ಎಂಬ ನೆಲಮಾಳಿಗೆಯ ಕ್ಲಬ್ಬಿನಲ್ಲಿ ರಾಲಿನ್ಸ್ ನುಡಿಸಿದ್ದು, ಅಲ್ಲಿಯೇ ಮುದ್ರಣಗೊಂಡ ಮೊದಲ ಕಛೇರಿ ಆಲ್ಬಂ. ಪಿಯಾನೋ ಇಲ್ಲದೆ ಬಾಸ್ ಮತ್ತು ಡ್ರಮ್ಸ್ ಮಾತ್ರ ಜೊತೆಗಿದ್ದ ಆ ವಾದನವನ್ನು ಸಂಗೀತ ವಿದ್ಯಾರ್ಥಿಗಳು ಇಂದಿಗೂ ಅಭ್ಯಸಿಸುತ್ತಾರೆ.

ರಾಲಿನ್ಸ್ ಸುಲಭಕ್ಕೆ ತೃಪ್ತರಾಗುವವರಲ್ಲ. ಕೀರ್ತಿಯ ತುದಿಯಲ್ಲಿದ್ದಾಗಲೇ, 1959ರಲ್ಲಿ, ವೇದಿಕೆ ಬಿಟ್ಟು ಸುಮಾರು ಎರಡು ವರ್ಷ ನ್ಯೂಯಾರ್ಕ್‌ನ ವಿಲಿಯಮ್ಸ್‌ಬರ್ಗ್ ಸೇತುವೆಯ ಮೇಲೆ ನಿಂತು ಸಾಧನೆ ಮಾಡಿದರು. 1960ರ ದಶಕದ ಕೊನೆಯಲ್ಲಿ ಮತ್ತೆ ವೇದಿಕೆಯಿಂದ ದೂರ ಸರಿದು, ಮುಂಬೈನ ಪೋವೈಯಲ್ಲಿರುವ ಆಶ್ರಮದಲ್ಲಿ ಕೆಲಕಾಲ ಯೋಗ, ವೇದಾಂತ ಕಲಿತರು. ತಮ್ಮದೇ ಮುದ್ರಣಗಳನ್ನು ಕೇಳುವುದೆಂದರೆ ಅವರಿಗೆ ಹಿಂಸೆ. ಸ್ಟುಡಿಯೋದಲ್ಲಿ ತಪ್ಪಿದ್ದನ್ನು ಮತ್ತೆ ನುಡಿಸಬಹುದು. ಆದರೆ ಸಭಿಕರೆದುರು ಮೂಡುವ ಸ್ಫೂರ್ತಿ ಅಲ್ಲಿ ಬರಲೊಲ್ಲದು ಎಂಬ ಮಾತು ಅವರ ಬಗ್ಗೆ ಬಹುಕಾಲ ಕೇಳಿಬರುತ್ತಿತ್ತು.

ಇಳಿವಯಸ್ಸಿನಲ್ಲಿ ಕಛೇರಿಯ ಮುದ್ರಣಗಳತ್ತ ತಿರುಗಿದವರು ಅವರೊಬ್ಬರೇ ಅಲ್ಲ. ಅವರದೇ ಪೀಳಿಗೆಯ ಇನ್ನೊಬ್ಬ ಸ್ಯಾಕ್ಸೊಫೋನ್ ವಾದಕ ವೇಯ್ನ್ ಶಾರ್ಟರ್ ತಮ್ಮ ಹೆಸರಿನಲ್ಲಿ ಮೊದಲ ಕಛೇರಿ ಆಲ್ಬಂ ತಂದದ್ದು 2002ರಲ್ಲಿ. ಯೂರೋಪ್ ಪ್ರವಾಸದಲ್ಲಿ ಅದನ್ನು ನುಡಿಸಿದಾಗ ಅವರಿಗೆ 67 ವರ್ಷ. ಆರ್ನೆಟ್ ಕೋಲ್ಮನ್ ತಮ್ಮ 75ನೇ ವಯಸ್ಸಿನಲ್ಲಿ, 2005ರಲ್ಲಿ, ಜರ್ಮನಿಯ ವೇದಿಕೆಯೊಂದರಲ್ಲಿ ನುಡಿಸಿದ ‘ಸೌಂಡ್ ಗ್ರಾಮರ್’ಗೆ 2007ರ ಪುಲಿಟ್ಜರ್ ಪ್ರಶಸ್ತಿ ಬಂತು. ಮುಪ್ಪಿನಲ್ಲಿ ಉಸಿರು ಕುಗ್ಗುತ್ತದೆ, ಬೆರಳು ನಿಧಾನವಾಗುತ್ತದೆ. ಆದರೂ ತಿದ್ದುಪಡಿಯ ಅನುಕೂಲವಿರುವ ಸ್ಟುಡಿಯೋ ಬಿಟ್ಟು, ತಿದ್ದಲು ಬಾರದ ವೇದಿಕೆಯಲ್ಲೇ ಈ ಹಿರಿಯರು ತಮ್ಮ ಉತ್ತಮ ಕೆಲಸವನ್ನು ಉಳಿಸಿಹೋದರೆನ್ನುವುದು ಗಮನಾರ್ಹ.

ಬಾಸ್ಟನ್ ಮುದ್ರಣದಲ್ಲಿ ‘ವೈ ವಾಸ್ ಐ ಬಾರ್ನ್’ ಎಂಬ ಹಳೆಯ ಹಾಡಿದೆ. ಏಕಾದರೂ ಹುಟ್ಟಿದೆನೋ ಎಂಬುದು ಆ ಶೀರ್ಷಿಕೆಯ ಅರ್ಥ. ಸಾವಿರಾರು ಜನ ಸತ್ತ ವಾರದಲ್ಲಿ ರಾಲಿನ್ಸ್ ಅದನ್ನು ನುಡಿಸಿದ ಬಗೆಗೆ 2006ರಲ್ಲಿ ಗ್ರ್ಯಾಮಿ ಪ್ರಶಸ್ತಿ ದೊರೆಯಿತು. ಒತ್ತಾಯಿಸಿ ಕಳುಹಿಸಿದ್ದ ಲೂಸಿಲ್ ಅದನ್ನು ನೋಡಲಿಲ್ಲ. ಅವರು 2004ರಲ್ಲೇ ತೀರಿಕೊಂಡಿದ್ದರು.

2008ರಿಂದ ರಾಲಿನ್ಸ್ ‘ರೋಡ್ ಶೋಸ್’ ಹೆಸರಿನಲ್ಲಿ ಹಲವು ಊರುಗಳ ಕಛೇರಿಗಳನ್ನು ತಮ್ಮದೇ ಸಂಸ್ಥೆಯಿಂದ ಪ್ರಕಟಿಸತೊಡಗಿದರು. ಅವುಗಳಲ್ಲೂ ಕೆಲವು ಬಾಸ್ಟನ್‌ನ ಆ ಅಭಿಮಾನಿಯ ಸಂಗ್ರಹದವು. 2012ರ ನಂತರ ಶ್ವಾಸಕೋಶದ ಕಾಯಿಲೆಯಿಂದಾಗಿ ಅವರು ವೇದಿಕೆ ಹತ್ತಲಿಲ್ಲ. ಅಂದು ಬಾಸ್ಟನ್‌ನಲ್ಲಿ ಅವರು ಹಿಂಜರಿದಿದ್ದರೆ, ಅಥವಾ ಸಭಿಕರಲ್ಲಿ ಆ ಒಬ್ಬರು ಇಲ್ಲದಿದ್ದರೆ, ಆ ರಾತ್ರಿಯ ಸಂಗೀತ ಸಭಾಂಗಣದ ಬಾಗಿಲಲ್ಲೇ ಮುಗಿದುಹೋಗುತ್ತಿತ್ತು.